ಒಂದು ಕುರ್ಚಿಗೆ ಇಷ್ಟೊಂದು ಜಗಳ ಯಾಕೆ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ, ಇಬ್ಬರೂ ಎಚ್‌1ಬಿ. ಮಗಳು ಬಸುರಿಯಾಗಿದ್ದಾಗಲೇ ಅಲ್ಲಿ ಪೌರತ್ವದ ಗಲಾಟೆ ಶುರುವಾಯಿತು. ಫೋನ್ ಮಾಡಿದಾಗಲೆಲ್ಲ ಅಳಿಯಂದಿರು 'ಸುಪ್ರೀಂ ಕೋರ್ಟಿನಲ್ಲಿ ಆರು ಜನ ಆ ಕಡೆ, ಮೂರು ಜನ ಈ ಕಡೆ' ಅಂತಾರೆ. ಜಡ್ಜ್‌ಗಳಿಗೂ ಪಕ್ಷ ಇರುತ್ತದಾ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ಸಾರ್. ಅಪ್ಪ–ಅಮ್ಮ ಇಬ್ಬರೂ ಎಚ್‌1ಬಿಯಂಥ ತಾತ್ಕಾಲಿಕ ವೀಸಾದವರಾದರೆ, ಅಲ್ಲೇ ಹುಟ್ಟಿದರೂ ಮಗುವಿಗೆ ಪೌರತ್ವ ಇಲ್ಲ ಅಂತ 2025ರ ಜನವರಿ 20ರಂದು ಟ್ರಂಪ್ ಹೊರಡಿಸಿದ ಆದೇಶ ನಿಮ್ಮಂಥ ಎಷ್ಟೋ ಕನ್ನಡದ ಮನೆಗಳ ನಿದ್ದೆ ಕೆಡಿಸಿತು. ಜಡ್ಜ್‌ಗಳು ಪಕ್ಷದವರಾಗಿ ಅಲ್ಲಿ ಕೂರುವುದಿಲ್ಲ. ಆದರೆ ಕೂರಿಸುವವರು ಪಕ್ಷದವರೇ. ನಿಮ್ಮ ಅಳಿಯ ಹೇಳುವ ಆರು ಜನ ರಿಪಬ್ಲಿಕನ್ ಅಧ್ಯಕ್ಷರು ತಂದವರು, ಮೂವರು ಡೆಮಾಕ್ರಟ್ ಅಧ್ಯಕ್ಷರು ತಂದವರು. ಅಧ್ಯಕ್ಷರು ಹೆಸರು ಕೊಡಬೇಕು, ನೂರು ಜನರ ಸೆನೆಟ್ ಒಪ್ಪಬೇಕು. ಒಪ್ಪಿದರೆ ಮುಗಿಯಿತು. ಮಹಾಭಿಯೋಗ ಬಿಟ್ಟರೆ ಅವರನ್ನು ಯಾರೂ ಏಳಿಸುವ ಹಾಗಿಲ್ಲ. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ ಅಲ್ವಾ, ಅಲ್ಲಿ ಆ ಮಾತೇ ಇಲ್ಲ. ಕ್ಲಾರೆನ್ಸ್ ಥಾಮಸ್ 1991ರಲ್ಲಿ ಬಂದಾಗ ಅವರಿಗೆ 43 ವರ್ಷ. ಮೂವತ್ತು ವರ್ಷ ದಾಟಿದರೂ ಅದೇ ಕುರ್ಚಿಯಲ್ಲಿದ್ದಾರೆ. ಇರುವುದು ಒಂಬತ್ತೇ ಕುರ್ಚಿ. ಒಂದು ಖಾಲಿಯಾದರೆ ಎರಡೂ ಕಡೆಯವರು ಜೀವ ಬಿಟ್ಟು ಹೊಡೆದಾಡುವುದು ಅದಕ್ಕೇ.

ಹಾಗಂತ ಎಲ್ಲ ತೀರ್ಪೂ ಆರು–ಮೂರು ಅಂದುಕೊಳ್ಳಬೇಡಿ. ಒಂಬತ್ತೂ ಜನ ಒಂದೇ ಮಾತು ಹೇಳಿದ ತೀರ್ಪುಗಳು ಬೇಕಾದಷ್ಟಿವೆ. ಜನರ ಬದುಕಿಗೆ ನೇರವಾಗಿ ತಟ್ಟುವ ವಿಷಯ ಬಂದಾಗ ಮಾತ್ರ ನೇಮಿಸಿದವರು ಯಾರು ಅನ್ನುವುದು ಎದ್ದು ಕಾಣುತ್ತದೆ. ಗರ್ಭಪಾತದ ಹಕ್ಕು ಕೊಟ್ಟ 1973ರ ತೀರ್ಪನ್ನು 2022ರಲ್ಲಿ ಐದು ಜನ ಸೇರಿ ತೆಗೆದುಹಾಕಿದರಲ್ಲ, ಅದರಲ್ಲಿ ಮೂವರು ಟ್ರಂಪ್ ಮೊದಲ ಅವಧಿಯಲ್ಲಿ ಬಂದವರು.

ಪ್ರಶ್ನೆ: ಮೊದಲಿನಿಂದಲೂ ಹೀಗೇನಾ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲಮ್ಮ. 1986ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಹೆಸರಿಸಿದ ಆಂಟೊನಿನ್ ಸ್ಕಾಲಿಯಾ ಪಕ್ಕಾ ಸಂಪ್ರದಾಯವಾದಿ. ಆದರೂ ಸೆನೆಟ್‌ನಲ್ಲಿ ಪರ–ವಿರೋಧದ ಮತ 98–0. ಡೆಮಾಕ್ರಟರೂ ಕೈ ಎತ್ತಿದರು. 1993ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಹೆಸರಿಸಿದ ಉದಾರವಾದಿ ರೂತ್ ಗಿನ್ಸ್‌ಬರ್ಗ್ ಅವರಿಗೆ 96–3. ನಡುವೆ 1987ರಲ್ಲಿ ರೇಗನ್ ಹೆಸರಿಸಿದ್ದ ರಾಬರ್ಟ್ ಬೋರ್ಕ್ ಅವರನ್ನು ಸೆನೆಟ್ 58–42ರಲ್ಲಿ ತಿರಸ್ಕರಿಸಿದ್ದು ರಿಪಬ್ಲಿಕನ್ನರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಆದರೆ ನಿಜವಾದ ಗಾಯ 2016ರದ್ದು. ಫೆಬ್ರವರಿ 13ಕ್ಕೆ ಸ್ಕಾಲಿಯಾ ತೀರಿಕೊಂಡರು. ಒಬಾಮಾ ಮಾರ್ಚ್‌ನಲ್ಲಿ ಮೆರಿಕ್ ಗಾರ್ಲೆಂಡ್ ಹೆಸರು ಕೊಟ್ಟರು. ಆಗ ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನಲ್, ಇದು ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಅಂದುಬಿಟ್ಟರು. ವಿಚಾರಣೆ ಇಲ್ಲ, ಮತದಾನ ಇಲ್ಲ. 293 ದಿನ ಆ ಮನುಷ್ಯನನ್ನು ಹಾಗೇ ಕೂರಿಸಿದರು. ಬೇಡವಾಗಿದ್ದರೆ ಕರೆಸಿ, ಪ್ರಶ್ನೆ ಕೇಳಿ, ಸೋಲಿಸಬಹುದಿತ್ತು. ಬೋರ್ಕ್‌ಗೆ ಅಷ್ಟಾದರೂ ಸಿಕ್ಕಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಆಗ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಒಂದು ಮಾತು ಕೊಟ್ಟಿದ್ದರು: ಮುಂದೆ ನಮ್ಮ ಪಕ್ಷದ ಅಧ್ಯಕ್ಷರಿದ್ದು, ಮೊದಲ ಅವಧಿಯ ಕೊನೇ ವರ್ಷದಲ್ಲಿ ಕುರ್ಚಿ ಖಾಲಿಯಾದರೂ ಇದೇ ನಿಯಮ, ಬೇಕಿದ್ದರೆ ನನ್ನ ಮಾತನ್ನೇ ನನ್ನ ವಿರುದ್ಧ ಬಳಸಿ ಅಂತ. 2020ರ ಸೆಪ್ಟೆಂಬರ್ 18ಕ್ಕೆ ಗಿನ್ಸ್‌ಬರ್ಗ್ ತೀರಿಕೊಂಡರು. ಆ ಕುರ್ಚಿಗೆ ಟ್ರಂಪ್ ಹೆಸರಿಸಿದ ಆಮಿ ಕೋನಿ ಬ್ಯಾರೆಟ್ ಅವರ, ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ, ವಿಚಾರಣೆ ನಡೆಸಿದವರು ಇದೇ ಗ್ರಹಾಂ. ಅಕ್ಟೋಬರ್ 26ಕ್ಕೆ ಮತದಾನವೂ ಆಯಿತು. ಚುನಾವಣೆಗೆ ಉಳಿದಿದ್ದು ಎಂಟೇ ದಿನ, ಕೋಟ್ಯಂತರ ಜನ ಆಗಲೇ ಮುಂಚಿತವಾಗಿ ಮತ ಹಾಕಿದ್ದರು.

ಪ್ರಶ್ನೆ: ಬರೀ ರಿಪಬ್ಲಿಕನ್ನರನ್ನೇ ಬೈತೀರಲ್ಲ, ಡೆಮಾಕ್ರಟರು ಏನೂ ಮಾಡಿಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಮಾಡಿದ್ದಾರೆ. ಮೊದಲು ನೇಮಕಕ್ಕೆ ಅಡ್ಡಗಾಲು ಹಾಕಿದವರನ್ನು ದಾಟಿ ಮತದಾನಕ್ಕೆ ಬರಬೇಕಾದರೆ 60 ಮತ ಬೇಕಿತ್ತು, ಅಂದರೆ ಸಾಮಾನ್ಯವಾಗಿ ಎದುರಾಳಿಗಳ ಮನೆ ಬಾಗಿಲಿಗೂ ಹೋಗಬೇಕಿತ್ತು. 2013ರಲ್ಲಿ ಕೆಳಗಿನ ಕೋರ್ಟುಗಳ ಮಟ್ಟಿಗೆ ಆ ಅಡ್ಡಿ ಕಿತ್ತುಹಾಕಿದ್ದು ಡೆಮಾಕ್ರಟರೇ. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಅದನ್ನೇ ಮಾಡಿದರು. ಆಮೇಲಿನ ಲೆಕ್ಕ ನೋಡಿ: ಟ್ರಂಪ್ ತಂದ ಗೋರ್ಸಚ್ (ಸ್ಕಾಲಿಯಾ ಕುರ್ಚಿಗೆ) 54–45, ಕವನಾ 50–48, ಬ್ಯಾರೆಟ್ 52–48, ಬೈಡನ್ ತಂದ ಕೆಟಾಂಜಿ ಬ್ರೌನ್ ಜಾಕ್ಸನ್ 53–47. ಬ್ಯಾರೆಟ್ ಅವರಿಗೆ ಒಬ್ಬ ಡೆಮಾಕ್ರಟನ ಮತವೂ ಬೀಳಲಿಲ್ಲ.

ನನ್ನ ಕೇಳಿದರೆ 18 ವರ್ಷದ ಅವಧಿ ಇಡಬೇಕು. ಎರಡು ವರ್ಷಕ್ಕೊಂದು ಕುರ್ಚಿ ಖಾಲಿಯಾಗುತ್ತದೆ, ಪ್ರತಿ ಅಧ್ಯಕ್ಷರಿಗೂ ಸಮಪಾಲು. ಯಾರ ಸಾವಿಗೂ ಯಾರೂ ಕಾಯಬೇಕಾಗಿಲ್ಲ. ಬೈಡನ್ 2024ರಲ್ಲಿ ಇದನ್ನೇ ಹೇಳಿದ್ದರು. ಆದರೆ ಸಂವಿಧಾನ ತಿದ್ದದೆ ಇದು ಕಷ್ಟ, ತಿದ್ದಲು 38 ರಾಜ್ಯ ಒಪ್ಪಬೇಕು.

ಪ್ರಶ್ನೆ: ಆ ಸೆನೆಟರ್‌ಗಳ ನಡುವೆ ಒಬ್ಬರಿಗೊಬ್ಬರು ಮರ್ಯಾದೆ ಅನ್ನೋದೇ ಉಳಿದಿಲ್ವಾ?
– ಗೃಹಿಣಿ, ಉಡುಪಿ

ಉತ್ತರ: ಉಳಿದಿದೆ ಅಮ್ಮಾ. ಕವನಾ ಮತದಾನದ ದಿನ, 2018ರ ಅಕ್ಟೋಬರ್ 6ರ ಶನಿವಾರ, ಮೊಂಟಾನಾದ ಸ್ಟೀವ್ ಡೇನ್ಸ್ ಅವರ ಮಗಳ ಮದುವೆ. ಅವರು ಕವನಾ ಪರ. ಅದೇ ಪಕ್ಷದ, ಅಲಾಸ್ಕಾದ ಲೀಸಾ ಮರ್ಕೌಸ್ಕಿ ವಿರುದ್ಧ. ಡೇನ್ಸ್ ಮದುವೆ ಬಿಟ್ಟು ವಾಷಿಂಗ್ಟನ್‌ಗೆ ಓಡಿ ಬರುವುದು ಬೇಡ ಅಂತ ಮರ್ಕೌಸ್ಕಿ ತಮ್ಮ ಮತವನ್ನೇ ತಡೆಹಿಡಿದರು. ಹೆಸರು ಕರೆದಾಗ 'ಬೇಡ' ಅನ್ನಲಿಲ್ಲ, 'ಹಾಜರ್' ಅಂತಷ್ಟೇ ಬರೆಸಿದರು. ಒಂದು ಪರ, ಒಂದು ವಿರುದ್ಧ, ಎರಡೂ ಮತ ತಪ್ಪಿದ್ದರಿಂದ ಅಂತರ ಬದಲಾಗಲಿಲ್ಲ. ಡೇನ್ಸ್ ಮಗಳ ಮದುವೆಯಲ್ಲೇ ಉಳಿದರು.