₹500ರಲ್ಲಿ ಅಮ್ಮನ ಜೊತೆ ಹುಬ್ಬಳ್ಳಿ-ಧಾರವಾಡ ಒಂದು ದಿನ

ಅಮ್ಮನ ಜೊತೆ ಹುಬ್ಬಳ್ಳಿ-ಧಾರವಾಡ ಒಂದು ದಿನ ಸುತ್ತೋಕೆ ₹500 ಸಾಲ್ತಿಲ್ಲ ಅಂತ ಖರ್ಚಿನ ಲೆಕ್ಕ ಬರೆದು ಕೇಳಿದ್ದೀರಿ. ಅದರಲ್ಲಿ ದುಡ್ಡು ಸಾಲದಿರೋದು ಬಹುಶಃ ಆಟೋದಿಂದ. ಪ್ರತಿ ಜಾಗಕ್ಕೂ ಆಟೋ ಹಾಕಿದ್ದೀರಿ, ಅದು ಬೇಡ. ಎರಡು ಊರಿನ ನಡುವೆ ಸುಮಾರು 20 ಕಿ.ಮೀ., ಚಿಗರಿ ಬಸ್ಸು (ಎರಡೂ ಊರಿನ ನಡುವೆ ಓಡೋ ಬಿಆರ್‌ಟಿಎಸ್ ಬಸ್ಸು) ಬಹುತೇಕ ತನ್ನದೇ ದಾರಿಯಲ್ಲಿ ಟ್ರಾಫಿಕ್ ಇಲ್ಲದೆ ಹೋಗುತ್ತೆ. ಅದು ಎಸಿ ಬಸ್ಸು, ಅದಕ್ಕೆ ಹೆಂಗಸರಿಗೆ ಉಚಿತ ಪ್ರಯಾಣ ಕೊಡೋ ಶಕ್ತಿ ಯೋಜನೆ ನಡೆಯಲ್ಲ. ಅಮ್ಮನ ಹತ್ರ ಕರ್ನಾಟಕದ ಗುರುತಿನ ಚೀಟಿ ಇದ್ದರೆ ಸಾಮಾನ್ಯ ಬಸ್ಸು ಹತ್ತಿ, ಅವರಿಗೆ ದುಡ್ಡು ಬೇಡ, ಶೂನ್ಯ ದರದ ಟಿಕೆಟ್ ಮಾತ್ರ ತಗೊಳ್ಳಿ.

ಬೆಳಿಗ್ಗೆ ಮೊದಲು ಉಣಕಲ್‌ಗೆ ಹೋಗಿ. ಕೆರೆ ನೋಡಿಕೊಂಡು ಊರೊಳಗಿನ ಚಂದ್ರಮೌಳೇಶ್ವರ ಗುಡಿಗೆ ನಡೆಯಿರಿ. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲಿದೆ, ಕಲ್ಲಿನ ಜಾಲಂಧ್ರದ (ಜಾಲರಿ ಕಿಟಕಿಯ) ಕೆತ್ತನೆ ಹತ್ತಿರ ನಿಂತು ನೋಡಿ, ಇಷ್ಟು ಒಳ್ಳೆ ಗುಡಿಗೆ ಜನ ಯಾಕೆ ಬರಲ್ಲವೋ! ಮಧ್ಯಾಹ್ನ ಹಳೇ ಹುಬ್ಬಳ್ಳಿ ಕಡೆ ಸಿದ್ಧಾರೂಢ ಮಠದಲ್ಲಿ ಪ್ರಸಾದ, ಊಟದ ಖರ್ಚು ಉಳೀತು. ಹೊತ್ತು ಮಾತ್ರ ಮಠದಲ್ಲೇ ಕೇಳಿಕೊಳ್ಳಿ, ಹಬ್ಬದ ದಿನ ಸಾಲು ಜಾಸ್ತಿ ಇರಬಹುದು.

ಆಮೇಲೆ ಧಾರವಾಡ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಎದುರಿಗೇ ಕೆರೆ, ಅಮ್ಮ ಸುಮ್ನೆ ಕೂತು ಸುಧಾರಿಸಿಕೊಳ್ಳಬಹುದು. ಪೇಡೆ ಲೈನ್ ಬಜಾರ್‌ನಲ್ಲಿ ಕೊನೆಗೆ ತಗೊಳ್ಳಿ, ಕಾಲು ಕಿಲೋ ಸಾಕು. ರಾತ್ರಿ ರೈಲು ಹುಬ್ಬಳ್ಳಿಯಿಂದ ಅಂದಿರಲ್ವಾ, ಒಂದೂವರೆ ಗಂಟೆ ಮೊದಲೇ ಧಾರವಾಡ ಬಿಡಿ.