ಪೇಸ್ಟಲ್ ಚಿತ್ರ ಅಂದರೆ ಸೀಮೆಸುಣ್ಣದ ಚಿತ್ರವೇ? ಕೊಂಡರೆ ಬಣ್ಣ ಉದುರುತ್ತಾ?

ದಾವಣಗೆರೆಯಲ್ಲಿ ನಮ್ಮ ಕಡೆಯ ಕಲಾವಿದರ ಪೇಸ್ಟಲ್ ಚಿತ್ರಗಳ ಪ್ರದರ್ಶನ ನಡೆಯುತ್ತಿದೆ, ಕಲೆಯ ಗಂಧಗಾಳಿ ಇಲ್ಲದವರು ಹೋದರೆ ಏನು ನೋಡಬೇಕು, ಸೀಮೆಸುಣ್ಣದಲ್ಲಿ ಬರೆದ ಚಿತ್ರಕ್ಕೆ ಅಷ್ಟು ಬೆಲೆ ಯಾಕೆ, ಕೊಂಡು ತಂದರೆ ಬಣ್ಣ ಉದುರುವುದಿಲ್ಲವೇ ಎಂದು ಕೇಳಿದ್ದೀರಿ.

ನಾನು ಕಲಾವಿದ ಅಲ್ಲ. ಇದೇ ಊರಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರ ಪಟ, ಮದುವೆ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಇವೇ ಜಾಸ್ತಿ. ಆದರೆ ಊರಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆಯಲ್ಲ, ಹಾಗಾಗಿ ವರ್ಷಕ್ಕೆ ಒಂದಷ್ಟು ಚಿತ್ರಗಳೂ ಬರುತ್ತವೆ. ಈ ಪ್ರದರ್ಶನಕ್ಕೆ ಎರಡು ಸಲ ಹೋಗಿ ಬಂದೆ.

ಮೊದಲು ಸೀಮೆಸುಣ್ಣದ ವಿಷಯ. ಮನೆಯಲ್ಲಿ ವಿಭೂತಿ ಗಟ್ಟಿ ನೋಡಿದ್ದೀರಲ್ಲ? ಮುರಿಯದಷ್ಟು ಗಟ್ಟಿ, ಬೆರಳು ತಾಗಿಸಿದರೆ ಅಂಟಿಕೊಳ್ಳುವಷ್ಟು ಸಡಿಲ. ಪೇಸ್ಟಲ್ ಕಡ್ಡಿಯೂ ಹಾಗೇ. ಎಣ್ಣೆ ಬಣ್ಣ, ಜಲವರ್ಣಕ್ಕೆ ಬಳಸುವ ಬಣ್ಣದ ಪುಡಿಯನ್ನೇ ತೆಗೆದುಕೊಂಡು, ಒಂಚೂರು ಅಂಟಿನ ನೀರು ಹಾಕಿ ನಾದಿ, ಕಡ್ಡಿ ಹೊಸೆದು ಒಣಗಿಸುತ್ತಾರೆ. ಅಂಟು ಜಾಸ್ತಿಯಾದರೆ ಕಡ್ಡಿ ಕಲ್ಲಾಗುತ್ತದೆ, ಬಣ್ಣ ಬಿಡುವುದಿಲ್ಲ. ಅಂಟು ಕಡಿಮೆ ಇರುವುದರಿಂದಲೇ ಬಣ್ಣ ಅಷ್ಟು ಕಣ್ಣು ತುಂಬುತ್ತದೆ. ಎಣ್ಣೆಯೇ ಇಲ್ಲದ ಮೇಲೆ ಎಣ್ಣೆ ಚಿತ್ರದ ಹಾಗೆ ವರ್ಷ ಕಳೆದಂತೆ ಹಳದಿಯಾಗುವ ಮಾತೂ ಇಲ್ಲ. ವೆನಿಸ್‌ನ ರೊಸಾಲ್ಬಾ ಕರಿಯೆರಾ ಎಂಬ ಹೆಂಗಸು 1700ರ ದಶಕಗಳಲ್ಲಿ ಬರೆದ ಮುಖಗಳು ಇನ್ನೂ ಗೆಲುವಾಗಿಯೇ ಇವೆ. ಬೆಲೆಯ ಮಾತಿಗೆ ಬಂದರೆ, ನಾರ್ವೆಯ ಕಲಾವಿದ ಮುಂಕ್ 'ಚೀತ್ಕಾರ' (ದಿ ಸ್ಕ್ರೀಮ್) ಎಂಬ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಬರೆದ, ಅದರಲ್ಲಿ 1895ರದ್ದು ಪೇಸ್ಟಲ್‌ನದೇ. 2012ರಲ್ಲಿ ಅದು ಸುಮಾರು 12 ಕೋಟಿ ಡಾಲರಿಗೆ ಹೋಯಿತು. ನಮ್ಮವರು ಅಷ್ಟೇನೂ ಕೇಳುತ್ತಿಲ್ಲ, ಹೆದರಬೇಡಿ.

ಇನ್ನು ನೋಡುವುದು. ಚಿತ್ರದುರ್ಗದ ಕೋಟೆಯ ಚಿತ್ರಗಳು ಮೂರ್ನಾಲ್ಕು ಇವೆ. ಅದರಲ್ಲಿ ಬಾಗಿಲ ಹತ್ತಿರವೇ ಇರುವ ದೊಡ್ಡ ಬಂಡೆಯ ಚಿತ್ರದ ಮುಂದೆ ನಿಲ್ಲಿ. ಮೊದಲು ಆರಡಿ ದೂರದಿಂದ. ಬಿಸಿಲು ಬಿದ್ದ ಬಂಡೆ ಅಷ್ಟೇ. ಆಮೇಲೆ ಹತ್ತಿರ ಹೋಗಿ. ಬಂಡೆಯ ಅರ್ಧ ಭಾಗಕ್ಕೆ ಬಣ್ಣವನ್ನೇ ಹಚ್ಚಿಲ್ಲ! ಕಂದು ಬಣ್ಣದ ಕಾಗದವನ್ನು ಹಾಗೇ ಬಿಟ್ಟಿದ್ದಾರೆ, ಬಿಸಿಲು ಬಿದ್ದ ಕಡೆ ಮಾತ್ರ ಕಡ್ಡಿ ಎಳೆದಿದ್ದಾರೆ. ನೆರಳಿನಲ್ಲಿ ನೇರಳೆ ಗೀಟುಗಳಿವೆ. ಬಂಡೆಯಲ್ಲಿ ನೇರಳೆ ಎಲ್ಲಿಂದ ಬಂತು ಅಂತ ನಾನೂ ನಕ್ಕಿದ್ದೆ. ಮುಂದಿನ ಭಾನುವಾರ ದುರ್ಗಕ್ಕೆ ಹೋದಾಗ ಸಂಜೆ ಸುಮ್ನೆ ನೋಡಿದೆ. ಇತ್ತು.

ಪೇಸ್ಟಲ್‌ನವರು ತಟ್ಟೆಯಲ್ಲಿ ಬಣ್ಣ ಕಲಸುವುದಿಲ್ಲ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಗೀಟು ಎಳೆಯುತ್ತಾರೆ, ಕಲಸುವ ಕೆಲಸ ನಮ್ಮ ಕಣ್ಣಿನದು. ಇಲ್ಲವಾದರೆ ಬೆರಳಿನಲ್ಲಿ ತಿಕ್ಕುತ್ತಾರೆ. ಮಂಡಕ್ಕಿ ಭಟ್ಟಿಯ ಒಂದು ಚಿತ್ರದಲ್ಲಿ ಹೊಗೆ ಪೂರ್ತಿ ಬೆರಳಿನದೇ ಕೆಲಸ, ಕೆಳಗಿನ ಬೆಂಕಿ ಮಾತ್ರ ಕಡ್ಡಿಯ ಗಟ್ಟಿ ಗೀಟು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ಕುಂದವಾಡ ಕೆರೆಯ ಸೂರ್ಯಾಸ್ತಗಳು ಮಾತ್ರ ನನಗೆ ಸಪ್ಪೆ ಅನಿಸಿದವು. ಎಲ್ಲವನ್ನೂ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿಬಿಟ್ಟಿದ್ದಾರೆ, ಕ್ಯಾಲೆಂಡರ್ ಆಗಿಬಿಟ್ಟಿದೆ.

ಈಗ ಉದುರುವ ವಿಷಯ. ಉದುರುತ್ತದೆ. ಪೇಸ್ಟಲ್ ಒಣಗಿ ಗಟ್ಟಿಯಾಗುವುದು ಅಂತ ಇಲ್ಲವೇ ಇಲ್ಲ. ತರಿ ಕಾಗದದ ಸಂದಿಗಳಲ್ಲಿ ಪುಡಿ ಸುಮ್ಮನೆ ಕೂತಿರುತ್ತದೆ. ಕೂರಿಸಲು ಒಂದು ಸ್ಪ್ರೇ ಇದೆ, ಆದರೆ ಜಾಸ್ತಿ ಹೊಡೆದರೆ ಒದ್ದೆ ಮರಳಿನ ಹಾಗೆ ಬಣ್ಣ ಕಪ್ಪಾಗುತ್ತದೆ, ಬಿಳಿಯಂತೂ ಮಾಯ. ಹಾಗಾಗಿ ತುಂಬಾ ಜನ ಕಲಾವಿದರು ಕೊನೆಯ ಪದರಕ್ಕೆ ಹೊಡೆಯುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಬ್ಬರ ಚಿತ್ರ ಹಾಳು ಮಾಡಿದ ಮೇಲೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಮೆಕ್ಕೆಜೋಳದ ರಾಶಿಯ ಚಿತ್ರ ತಂದಿದ್ದರು. ಮೇಲೆ ಧೂಳು ಕೂತಿದೆ ಅಂದುಕೊಂಡು ಬಾಯಲ್ಲಿ ಉಫ್ ಅಂತ ಊದಿದೆ. ಎಂಜಲು ಸಿಡಿದು ಆಕಾಶದಲ್ಲಿ ನಾಲ್ಕು ಕಪ್ಪು ಚುಕ್ಕೆ. ಸಾಲದು ಅಂತ ದೇವರ ಪಟದ ಹಾಗೆ ಗಾಜನ್ನು ಚಿತ್ರದ ಮೇಲೇ ಒತ್ತಿ ಮೊಳೆ ಹೊಡೆದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ರಾಶಿ ಗಾಜಿಗೆ ಅಂಟಿತ್ತು, ಉಳಿದ ಅರ್ಧಕ್ಕೆ ಬೂಷ್ಟು. ಮೇಷ್ಟ್ರು ಬೈಯಲಿಲ್ಲ. ಅಂಗಡಿಯಲ್ಲೇ ಕೂತು ಹೇಗೆ ಹಾಕಬೇಕು ಅಂತ ತೋರಿಸಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೇಳಿಕೊಟ್ಟದ್ದೇ ಈಗಲೂ ಮಾಡುತ್ತೇನೆ. ಊದಬಾರದು, ಚಿತ್ರವನ್ನು ನೆಟ್ಟಗೆ ಹಿಡಿದು ಹಿಂದಿನಿಂದ ಮೆಲ್ಲಗೆ ತಟ್ಟಬೇಕು. ಸಡಿಲ ಪುಡಿ ತಾನೇ ಬೀಳುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ಜಾಗ ಇರಬೇಕು. ಸುತ್ತ ಹಾಕುವ ದಪ್ಪ ರಟ್ಟಿನ ಕೆಳಗೆ, ಹೊರಗೆ ಕಾಣದಂತೆ, ಇನ್ನೊಂದು ಸಣ್ಣ ಪಟ್ಟಿ ಕೊಟ್ಟರೆ ಮುಂದೆ ಉದುರುವ ಪುಡಿ ರಟ್ಟಿನ ಹಿಂದೆ ಬೀಳುತ್ತದೆ. ಹಗುರ ಅಂತ ಗಾಜಿನ ಬದಲು ಅಕ್ರಿಲಿಕ್ ಹಾಕಿಸಬೇಡಿ. ಬಟ್ಟೆಯಲ್ಲಿ ಒರೆಸಿದ ಕೂಡಲೇ ಅದು ಪುಡಿಯನ್ನು ಎಳೆದುಕೊಳ್ಳುತ್ತದೆ, ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಹಾಗೆ. ಮಳೆ ಹೊಡೆತಕ್ಕೆ ತೇವವಾಗುವ ಗೋಡೆ, ನೇರ ಬಿಸಿಲು, ದಡಾರ್ ಅಂತ ಬಡಿಯುವ ಬಾಗಿಲ ಪಕ್ಕ, ಈ ಮೂರೂ ಬೇಡ. ಮನೆಗೆ ಒಯ್ಯುವಾಗ ಬಸ್ಸಿನಲ್ಲಾದರೂ ಆಗಲಿ, ಚಿತ್ರದ ಮುಖ ಮೇಲೆ ಮಾಡಿ ತೊಡೆ ಮೇಲೆ ಮಲಗಿಸಿಕೊಳ್ಳಿ.

ಚೀಟಿಯಲ್ಲಿ 'ಆಯಿಲ್ ಪೇಸ್ಟಲ್' ಅಂತ ಇದ್ದರೆ ಅದು ಬೇರೆ ಜಾತಿ. ಮಕ್ಕಳು ಶಾಲೆಯಲ್ಲಿ ಬಳಸುವ ಮೇಣ, ಎಣ್ಣೆಯ ಕಡ್ಡಿ. ಪುಡಿ ಉದುರುವುದಿಲ್ಲ, ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮೆತ್ತಗಾಗುತ್ತದೆ. ಅದಕ್ಕೂ ಗಾಜು ತಾಗಬಾರದು.

ಕೊಳ್ಳುವಾಗ ಬೆಲೆ ಕಟ್ಟಿನ ಸಮೇತವೋ, ಬರೀ ಚಿತ್ರದ್ದೋ ಕೇಳಿಕೊಳ್ಳಿ. ಬರೀ ಚಿತ್ರವಾದರೆ ಯಾವ ಅಂಗಡಿಗೆ ಒಯ್ದರೂ ಸರಿ, ಕೊಡುವ ಮೊದಲು 'ಗಾಜು ಚಿತ್ರಕ್ಕೆ ತಾಗುತ್ತಾ' ಅಂತ ಒಂದು ಮಾತು ಕೇಳಿ. 'ತಾಗಿದರೆ ಏನೀಗ' ಅಂದರೆ ಚಿತ್ರ ವಾಪಸ್ ಎತ್ತಿಕೊಂಡು ಬನ್ನಿ. ಮೇಷ್ಟ್ರಿಗೆ ನಾನು ಅಂದಿದ್ದೂ ಅದನ್ನೇ.