ಮಾಡೆಲ್ ಚೆನ್ನಾಗಿತ್ತು, ಲೆಕ್ಕ ಮಾತ್ರ ತಪ್ಪಾಯ್ತು

ನಾಲ್ಕನೇ ಕ್ಲಾಸಿಗೆ ಪಾಠ ಮಾಡೋ ಟೀಚರ್ ಒಬ್ರು ಪತ್ರ ಬರೆದಿದ್ದಾರೆ. ಭಿನ್ನರಾಶಿ ಪಾಠಕ್ಕೆ ಅಂತ ರಾತ್ರಿಯೆಲ್ಲಾ ಕೂತು ಬಣ್ಣದ ಚಾರ್ಟು, ಥರ್ಮಾಕೋಲ್ ಚಕ್ರ ಎಲ್ಲಾ ಮಾಡಿದ್ರಂತೆ, ಮಕ್ಕಳು ಖುಷಿಯಲ್ಲಿ ಕುಣಿದಾಡಿಬಿಟ್ರಂತೆ, ಆದ್ರೆ ವಾರ ಬಿಟ್ಟು 1/4 ದೊಡ್ಡದೋ 1/8 ದೊಡ್ಡದೋ ಅಂತ ಕೇಳಿದ್ರೆ ಅರ್ಧ ಕ್ಲಾಸು 1/8 ಅಂದಿದೆ. "ನನ್ನ ಪಾಠದಲ್ಲಿ ಕ್ರಿಯೇಟಿವಿಟಿ ಕಮ್ಮಿ ಆಯ್ತಾ?" ಅಂತ ಅವರ ಪ್ರಶ್ನೆ.

ಕಮ್ಮಿ ಆಗಿಲ್ಲ ಮೇಡಂ. ಆದ್ರೆ ಅಷ್ಟೂ ನಿಮ್ಮ ಕೈಯಲ್ಲೇ ಖರ್ಚಾಗೋಯ್ತು, ಚಕ್ರ ಕತ್ತರಿಸಿದ್ದು ನೀವು, ಎಷ್ಟು ಭಾಗ ಅಂತ ತಲೆ ಕೆಡಿಸ್ಕೊಂಡಿದ್ದು ನೀವು, ಬಣ್ಣ ಬಳಿದಿದ್ದೂ ನೀವು. ಮಕ್ಕಳಿಗೆ ಉಳಿದಿದ್ದು ನೋಡೋ ಕೆಲಸ ಮಾತ್ರ.

ಇನ್ನೊಂದು ವಿಷಯ, 1/8 ದೊಡ್ಡದು ಅನ್ನೋದು ಗಮನ ಇಲ್ದೆ ಕೊಟ್ಟ ಉತ್ತರ ಅಲ್ಲ. ಒಂದನೇ ಕ್ಲಾಸಿಂದ 4ಕ್ಕಿಂತ 8 ದೊಡ್ಡದು ಅಂತ ನಾವೇ ಹೇಳ್ಕೊಟ್ಟಿದೀವಿ, ಮಗು ಅದೇ ನಿಯಮಾನ ಇಲ್ಲಿಗೂ ಎಳ್ಕೊಂಡು ಬಂದಿದೆ. ಪಾಠದ ಪ್ಲಾನು ಶುರು ಆಗ್ಬೇಕಾಗಿರೋದು ಈ ಜಾಗದಿಂದ: ಯಾವ ತಪ್ಪು ಯೋಚನೆ ಇವರ ತಲೇಲಿ ಕೂತಿದೆ, ಯಾವುದರ ಮುಂದೆ ಅದು ಎಡವಿ ಬೀಳುತ್ತೆ? ವಿಗಿನ್ಸ್ ಮತ್ತು ಮೆಕ್‌ಟೈ ಅನ್ನೋ ಇಬ್ಬರು ಶಿಕ್ಷಣ ತಜ್ಞರು 1998ರಲ್ಲಿ ಒಂದು ಪುಸ್ತಕ ಬರೆದು ಪಾಠದ ಪ್ಲಾನನ್ನ ಕೊನೆಯಿಂದ ಶುರು ಮಾಡಿ ಅಂದ್ರು, ಮೊದಲು ಮಗುವಿಗೆ ಏನು ಅರ್ಥ ಆಗ್ಬೇಕು ಅಂತ ಬರ್ಕೊಳ್ಳಿ, ಆಮೇಲೆ ಅರ್ಥ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ, ಆ್ಯಕ್ಟಿವಿಟಿ ಕಡೇಗೆ. ನಮ್ಮಲ್ಲಿ ಬಹಳ ಜನ ಮೊದಲು ಯೂಟ್ಯೂಬಲ್ಲಿ ಆ್ಯಕ್ಟಿವಿಟಿ ಹುಡುಕಿ, ಆಮೇಲೆ ಯಾವ ಪಾಠಕ್ಕೆ ಹಾಕೋದು ಅಂತ ನೋಡ್ತೀವಿ!

ಮುಂದಿನ ಸಲ ಹೀಗೆ ಮಾಡಿ ನೋಡಿ. ಪ್ರತಿ ಮಗುವಿಗೂ ಒಂದೇ ಉದ್ದದ ಕಾಗದದ ಪಟ್ಟಿ ಕೊಡಿ. ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ, ಮತ್ತೂ ಒಂದ್ಸಲ. ಬಿಚ್ಚೋಕೆ ಮುಂಚೆ ಎಷ್ಟು ಭಾಗ ಆಗಿರುತ್ತೆ ಅಂತ ಬರೀಲಿ. 6 ಅಂತ ಬರೆಯೋರು ಖಂಡಿತ ಇರ್ತಾರೆ, ಬಿಚ್ಚಿದ್ರೆ 8. ಯಾಕೆ ಅಂತ ಅವರವರೇ ಜಗಳ ಆಡ್ಕೊಳ್ಳಲಿ, ನೀವು ಬಾಯಿ ಹಾಕ್ಬೇಡಿ. ಮಡಿಸಿದಷ್ಟೂ ಭಾಗ ಜಾಸ್ತಿ, ತುಂಡು ಚಿಕ್ಕದು ಅನ್ನೋದು ಅವರ ಬೆರಳಿಗೇ ಗೊತ್ತಾಗುತ್ತೆ. ಆಮೇಲೆ ಒಂದು ಕಿತಾಪತಿ ಮಾಡಿ: ಒಬ್ಬನಿಗೆ ಉದ್ದ ಪಟ್ಟಿ, ಪಕ್ಕದವಳಿಗೆ ಗಿಡ್ಡ ಪಟ್ಟಿ ಕೊಟ್ಟು ಇಬ್ಬರಿಗೂ ಅರ್ಧ ಹರಿಯೋಕೆ ಹೇಳಿ. ಇಬ್ಬರದ್ದೂ ಅರ್ಧಾನೇ, ಮತ್ತೆ ಯಾಕೆ ಸಮ ಇಲ್ಲ? ಯಾವುದರ ಅರ್ಧ ಅಂತ ಕೇಳ್ಬೇಕು ಅನ್ನೋದು ಆವಾಗ ಹೊಳೆಯುತ್ತೆ, ಚಾರ್ಟಲ್ಲಿ ಇದು ಯಾವತ್ತೂ ಬರಲ್ಲ ಯಾಕಂದ್ರೆ ಅದರಲ್ಲಿ ಎಲ್ಲಾ ಚಕ್ರಾನೂ ಒಂದೇ ಸೈಜು. ಇಷ್ಟಾದ್ಮೇಲೆ ಪಟ್ಟಿ ಚಿತ್ರ ಬರೆಸಿ, ಒಂದು ತುದಿ 0, ಇನ್ನೊಂದು ತುದಿ 1, ಮಡಿಕೆ ಇರೋ ಕಡೆ ಗೆರೆ. 1/8 ಅಂತ ಬರೆಸೋದು ಎಲ್ಲಕ್ಕಿಂತ ಕೊನೇಲಿ. ಮೊದಲು ಕೈ, ಆಮೇಲೆ ಚಿತ್ರ, ಆಮೇಲೆ ಚಿಹ್ನೆ ಅಂತ ಮನಶ್ಶಾಸ್ತ್ರಜ್ಞ ಬ್ರೂನರ್ 1960ರ ದಶಕದಲ್ಲೇ ಹೇಳಿದ್ದು ಇದನ್ನೇ.

ಪ್ರಶ್ನೆ ಕೇಳಿದ್ಮೇಲೆ ಸುಮ್ನಿರೋದೂ ಪಾಠದ ಭಾಗಾನೇ. ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡ್ ಮಾತ್ರ ಕಾಯ್ತಾರೆ, 3 ಸೆಕೆಂಡ್ ಕಾದ್ರೆ ಉತ್ತರಗಳು ಉದ್ದ ಆಗ್ತವೆ, ಸುಮ್ನೆ ಕೂರೋ ಮಕ್ಕಳೂ ಬಾಯಿ ಬಿಡ್ತಾರೆ ಅಂತ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದ್ರು. ಇದಕ್ಕೆ ಕತ್ತರೀನೂ ಬೇಡ ಗೋಂದೂ ಬೇಡ.

"ಹೀಗೆಲ್ಲಾ ಮಾಡಿದ್ರೆ ಪೋರ್ಷನ್ ಮುಗಿಯೋದು ಯಾವಾಗ" ಅಂತಾನೂ ಕೇಳಿದೀರಿ. ನ್ಯಾಯವಾದ ಪ್ರಶ್ನೆ. ಎಲ್ಲಾ ಪಾಠಕ್ಕೂ ಮಾಡ್ಬೇಡಿ. ಸ್ಥಾನಬೆಲೆ, ಭಿನ್ನರಾಶಿ, ವಿಸ್ತೀರ್ಣ ಇಂಥ ಮುಂದಿನ ಕ್ಲಾಸಿನ ಭಾರ ಹೊರೋ ಕೆಲವಕ್ಕೆ ಮಾತ್ರ ಸಮಯ ಸುರೀರಿ, ಮಿಕ್ಕಿದ್ದನ್ನ ನೆಟ್ಟಗೆ ಹೇಳಿ ಮುಗಿಸಿ, ಮಗ್ಗಿ ಬಾಯಿಪಾಠ ಮಾಡ್ಸಿದ್ರೂ ನನ್ನ ತಕರಾರಿಲ್ಲ.

ಟೆಸ್ಟಲ್ಲಿ ಮಾತ್ರ ಮತ್ತೆ ಅದೇ 1/4, 1/8 ಕೊಡ್ಬೇಡಿ, ಅದು ನೆನಪಿನ ಪರೀಕ್ಷೆ ಆಗೋಗುತ್ತೆ. ಮಡಿಸೋಕೆ ಕಷ್ಟ ಇರೋ 1/9, 1/10 ಕೊಡಿ, "ನಿನ್ನ ಫ್ರೆಂಡು 1/10 ದೊಡ್ಡದು ಅಂತಿದಾನೆ, ಅವನಿಗೆ ಎರಡು ಸಾಲಲ್ಲಿ ಬಿಡಿಸಿ ಹೇಳು" ಅಂತ ಕೇಳಿ, ಆ ಎರಡು ಸಾಲು ಓದಿ ನಾಳೆ ಏನು ಪಾಠ ಮಾಡ್ಬೇಕು ಅಂತ ತೀರ್ಮಾನ ಮಾಡಿ.

- ಸಂಪಾದಕ